ಗಟ್ಟಿಮೇಳ ಮುಂದೆ, ಅಂತರಪಟ ಹಿಂದೆ: ಕಂಪ್ಯೂಟರಿನಲ್ಲಿ ಎಚ್‌ಡಿ ವಿಡಿಯೊ ಏಕೆ ತಡವರಿಸುತ್ತದೆ?

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳ ಮದುವೆಯ ವಿಡಿಯೊ ಆ ವಾರವಷ್ಟೇ ಕೈಸೇರಿತ್ತು. ಸ್ಟುಡಿಯೊದವರು ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟ ಒಂದೂವರೆ ಗಂಟೆಯ ಕಡತ. ಊಟ ಮುಗಿಸಿ ಎಲ್ಲರೂ ಭಾವನ ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ಕಾಶಿಯಾತ್ರೆಯವರೆಗೆ ಚಿತ್ರ ಹೇಗೋ ಕುಂಟುತ್ತ ಬಂತು. ಮುಹೂರ್ತದ ಹೊತ್ತಿಗೆ ಪೂರ್ತಿ ಕೆಟ್ಟಿತು. ಕಿವಿಗೆ ಗಟ್ಟಿಮೇಳ ಕೇಳಿಸುತ್ತಿದೆ, ಕಣ್ಣಿಗೆ ಇನ್ನೂ ಅಂತರಪಟವೇ ಸರಿದಿಲ್ಲ. ಪುರೋಹಿತರ ಕೈ ಗಾಳಿಯಲ್ಲಿ ನಿಂತುಬಿಟ್ಟಿದೆ. ವಾಲಗ ಮುಗಿದು ಮುಂದಿನ ಮಂತ್ರ ಶುರುವಾದ ಮೇಲೆ ಚಿತ್ರ ಒಮ್ಮೆಲೇ ನೆಗೆದು, ಹಾರ ಹಾಕಿಕೊಂಡು ನಿಂತ ವಧೂವರರನ್ನು ತೋರಿಸಿತು. ನಡುವಿನದೆಲ್ಲ ಮಾಯ. "ಇವರ ಮದುವೆ ಆಯಿತೋ ಇಲ್ಲವೋ?" ಎಂದು ಅಕ್ಕ ಕೇಳಿದಳು.

ಭಾವ ಸುಮ್ಮನೆ ಕೂರುವವರಲ್ಲ. ನಾವು ಬರುವ ಮೊದಲೇ ನಾಲ್ಕು ಪ್ಲೇಯರ್‌ಗಳನ್ನು ಹಾಕಿಕೊಂಡು, ನಾಲ್ಕರಲ್ಲೂ ಓಡಿಸಿ ನೋಡಿದ್ದರು. "ಇರುವುದರಲ್ಲಿ ಒಳ್ಳೆಯದು ಯಾವುದು ಹೇಳು, ಅದನ್ನೇ ಇಟ್ಟುಕೊಳ್ಳೋಣ" ಎಂದರು. ಎಲ್ಲರೂ ಕೇಳುವ ಪ್ರಶ್ನೆ ಇದು. ಆದರೆ ವಿಡಿಯೊ ತಡವರಿಸಿದಾಗ ಪ್ಲೇಯರನ್ನು ದೂರುವುದು, ಅನ್ನ ಬೇಯದಿದ್ದಾಗ ಬಡಿಸಿದವರನ್ನು ಬೈದ ಹಾಗೆ. ಒಲೆಯಲ್ಲಿ ಏನಾಗುತ್ತಿದೆ ಎಂದು ಮೊದಲು ನೋಡಬೇಕು.

ಲೆಕ್ಕದಿಂದ ಆರಂಭಿಸೋಣ. ಪೂರ್ಣ ಎಚ್‌ಡಿ ಚಿತ್ರವೆಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕೆಗಳು. ಒಟ್ಟು 20 ಲಕ್ಷ 73 ಸಾವಿರದ ಚಿಲ್ಲರೆ. ಒಂದೊಂದು ಚುಕ್ಕೆಯ ಬಣ್ಣವನ್ನು ಬರೆದಿಡಲು ಮೂರು ಬೈಟ್ ಬೇಕು. ಸೆಕೆಂಡಿಗೆ 25 ಚಿತ್ರಗಳಂತೆ ಒಂದೂವರೆ ಗಂಟೆಗೆ ಗುಣಿಸಿದರೆ ಸುಮಾರು 840 ಜಿಬಿ ಆಗುತ್ತದೆ. ಭಾವನ ಕಡತ 4ಕೆ, ಅಂದರೆ ಅದರ ನಾಲ್ಕು ಪಟ್ಟು: 3,300 ಜಿಬಿಗೂ ಮೇಲೆ. ಪೆನ್‌ಡ್ರೈವಿನಲ್ಲಿ ಇದ್ದದ್ದು ಮೂವತ್ತು ಚಿಲ್ಲರೆ ಜಿಬಿ. ನೂರರಲ್ಲಿ ತೊಂಬತ್ತೊಂಬತ್ತು ಪಾಲನ್ನು ಹಿಂಡಿ ತೆಗೆದು, ಉಳಿದ ಒಂದು ಪಾಲನ್ನು ಕೊಟ್ಟಿದ್ದಾರೆ. ನೋಡುವ ಹೊತ್ತಿಗೆ ಅದನ್ನು ಮತ್ತೆ ಬಿಡಿಸಿ ಮೊದಲಿನ ಗಾತ್ರಕ್ಕೆ ತರುವ ಕೆಲಸ ಕಂಪ್ಯೂಟರಿನದು. ಹಾಗೆ ಹಿಂಡುವ, ಬಿಡಿಸುವ ಪದ್ಧತಿಯನ್ನೇ ಕೋಡೆಕ್ ಎನ್ನುವುದು.

ಹಿಂಡುವುದು ಹೇಗೆ? ಮದುವೆ ಮಂಟಪವನ್ನೇ ನೋಡಿ. ಹಿಂದಿನ ಹೂವಿನ ಅಲಂಕಾರ ಕದಲುವುದಿಲ್ಲ, ಬಾಳೆಕಂಬ ಕದಲುವುದಿಲ್ಲ, ಮೊದಲ ಸಾಲಿನಲ್ಲಿ ಕುಳಿತ ಹಿರಿಯರು ಕೂಡ ಬಹುಮಟ್ಟಿಗೆ ಕದಲುವುದಿಲ್ಲ. ಅಲ್ಲಾಡುವುದು ಪುರೋಹಿತರ ಕೈ ಮತ್ತು ಹೋಮದ ಹೊಗೆ. ಹೀಗಿರುವಾಗ ಪ್ರತಿ ಫ್ರೇಮಿನಲ್ಲೂ ಬಾಳೆಕಂಬವನ್ನು ಹೊಸದಾಗಿ ಬರೆಯುವುದೇಕೆ? ಕೋಡೆಕ್ ಆಗೊಮ್ಮೆ ಈಗೊಮ್ಮೆ ಒಂದು ಪೂರ್ಣ ಚಿತ್ರವನ್ನು ಇಡುತ್ತದೆ. ಅದರ ನಂತರದವುಗಳಿಗೆ ಬರೀ ವ್ಯತ್ಯಾಸ: ಈ ಚೌಕ ಎರಡು ಚುಕ್ಕೆ ಬಲಕ್ಕೆ ಸರಿಯಿತು, ಆ ಚೌಕ ಸ್ವಲ್ಪ ಕಪ್ಪಾಯಿತು, ಉಳಿದದ್ದೆಲ್ಲ ಯಥಾಸ್ಥಿತಿ. ನೀವು ವಿಡಿಯೊದ ನಡುವೆ ಎಲ್ಲೋ ಕ್ಲಿಕ್ ಮಾಡಿದಾಗ ಚಿತ್ರ ಒಂದು ಗಳಿಗೆ ತಡವಾಗಿ ಬರುವುದೂ ಇದರಿಂದಲೇ. ಪ್ಲೇಯರ್ ಹಿಂದಕ್ಕೆ ಹೋಗಿ ಹತ್ತಿರದ ಪೂರ್ಣ ಚಿತ್ರವನ್ನು ಹುಡುಕಿ, ಅಲ್ಲಿಂದ ವ್ಯತ್ಯಾಸಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಬರಬೇಕು.

ಮುಹೂರ್ತದ ಹೊತ್ತಿಗೇ ಕೈಕೊಟ್ಟಿತಲ್ಲ, ಅದು ಆಕಸ್ಮಿಕವಲ್ಲ. ಗಟ್ಟಿಮೇಳ ಎಂದೊಡನೆ ಮುನ್ನೂರು ಜನ ಎದ್ದು ನಿಂತು ಅಕ್ಷತೆ ಎರಚುತ್ತಾರೆ. ಸಾವಿರಾರು ಕಾಳು, ಒಂದೊಂದೂ ಒಂದೊಂದು ದಿಕ್ಕಿಗೆ, ಒಂದೊಂದು ವೇಗದಲ್ಲಿ. "ಉಳಿದದ್ದು ಯಥಾಸ್ಥಿತಿ" ಎಂದು ಹೇಳಲು ಕೋಡೆಕ್‌ಗೆ ಏನೂ ಉಳಿಯುವುದಿಲ್ಲ. ಮಳೆ, ಜಲಪಾತ, ಗಾಳಿಗೆ ಅಲ್ಲಾಡುವ ಗದ್ದೆ ಇವೆಲ್ಲ ಇದೇ ಜಾತಿಯವು. ಆ ಕ್ಷಣಗಳಲ್ಲಿ ದತ್ತಾಂಶ ಉಕ್ಕುತ್ತದೆ, ಬಿಡಿಸುವ ಲೆಕ್ಕವೂ ಉಕ್ಕುತ್ತದೆ. ಆದರೆ ಗಡುವು ಮಾತ್ರ ಬದಲಾಗುವುದಿಲ್ಲ. ಸೆಕೆಂಡಿಗೆ 25 ಚಿತ್ರವೆಂದರೆ ಒಂದೊಂದಕ್ಕೆ ಸಿಗುವುದು 40 ಮಿಲಿಸೆಕೆಂಡ್. ಅಷ್ಟರಲ್ಲಿ ಸಿದ್ಧವಾಗದಿದ್ದರೆ ಪ್ಲೇಯರ್ ಆ ಚಿತ್ರವನ್ನು ಬಿಟ್ಟು ಮುಂದಿನದಕ್ಕೆ ಕೈಹಾಕುತ್ತದೆ. ಶಬ್ದವನ್ನು ಮಾತ್ರ ತಡೆಯುವುದಿಲ್ಲ. ಹತ್ತು ಚಿತ್ರ ತಪ್ಪಿಹೋದರೂ ಸಹಿಸಿಕೊಳ್ಳುವ ನಾವು ನಾದಸ್ವರ ಒಮ್ಮೆ ಕತ್ತರಿಸಿದರೆ ಬೆಚ್ಚುತ್ತೇವೆ. ಹಾಗಾಗಿ ಬಹುತೇಕ ಪ್ಲೇಯರ್‌ಗಳು ಶಬ್ದವನ್ನೇ ಗಡಿಯಾರವಾಗಿ ಇಟ್ಟುಕೊಂಡು, ಚಿತ್ರವನ್ನು ಅದರ ಹಿಂದೆ ಓಡಿಸುತ್ತವೆ.

ಹಾಗಾದರೆ ಬಿಡಿಸುವವರು ಯಾರು? ಎರಡು ದಾರಿಗಳಿವೆ. ಒಂದು, ಕಂಪ್ಯೂಟರಿನ ಮುಖ್ಯ ಪ್ರೊಸೆಸರ್ ಲೆಕ್ಕ ಮಾಡಿ ಬಿಡಿಸುವುದು. ಅದು ಮನೆಯ ಒರಳುಕಲ್ಲಿನ ಹಾಗೆ. ಅಕ್ಕಿ, ಉದ್ದು, ಚಟ್ನಿ, ಮಸಾಲೆ, ಏನು ಹಾಕಿದರೂ ರುಬ್ಬುತ್ತದೆ, ಆದರೆ ರಟ್ಟೆ ಬೀಳುತ್ತದೆ. ಇನ್ನೊಂದು, ಗ್ರಾಫಿಕ್ಸ್ ಚಿಪ್ಪಿನೊಳಗೆ ವಿಡಿಯೊ ಬಿಡಿಸುವುದಕ್ಕೆಂದೇ ಕೆತ್ತಿದ ಪುಟ್ಟ ಮಂಡಲ, ಅಂದರೆ ಸರ್ಕ್ಯೂಟ್. ಅದು ಗ್ರೈಂಡರ್. ಗುಂಡಿ ಒತ್ತಿದರೆ ಸದ್ದಿಲ್ಲದೆ ಮುಗಿಸುತ್ತದೆ, ಬ್ಯಾಟರಿಯೂ ಉಳಿಯುತ್ತದೆ, ಫ್ಯಾನ್ ಕೂಗುವುದಿಲ್ಲ. ಆದರೆ ಅದಕ್ಕೆ ತಯಾರಾದ ದಿನ ಕಲಿಸಿದ ಕೋಡೆಕ್‌ಗಳಷ್ಟೇ ಗೊತ್ತು. ಹೊಸದನ್ನು ತಂತ್ರಾಂಶ ಹಾಕಿ ಕಲಿಸಲು ಬರುವುದಿಲ್ಲ, ಏಕೆಂದರೆ ಅದು ಸಿಲಿಕಾನ್ ಮೇಲೆ ಕೆತ್ತಿದ್ದು.

ಇಲ್ಲಿ ವರ್ಷಗಳ ಲೆಕ್ಕ ಮುಖ್ಯವಾಗುತ್ತದೆ. ಎಚ್.264 ಎಂಬ ಕೋಡೆಕ್ 2003ರದು; ಇಂದು ಬಳಕೆಯಲ್ಲಿರುವ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರಿಗೂ ಅದು ಗೊತ್ತು. ಅದರ ಮುಂದಿನ ಪೀಳಿಗೆಯ ಎಚ್‌ಇವಿಸಿ, ಅಂದರೆ ಎಚ್.265, 2013ರಲ್ಲಿ ಬಂತು. ಇಂಟೆಲ್ ಚಿಪ್‌ಗಳಲ್ಲಿ 2015ರ ಆರನೇ ಪೀಳಿಗೆಯ ಹೊತ್ತಿಗೆ ಅದರ 8 ಬಿಟ್ ರೂಪಕ್ಕೆ ಪೂರ್ಣ ಮಂಡಲ ಸಿಕ್ಕಿತು. ಬಣ್ಣದ ಛಾಯೆಗಳನ್ನು ಇನ್ನಷ್ಟು ಸೂಕ್ಷ್ಮವಾಗಿ ಹಿಡಿಯುವ 10 ಬಿಟ್ ರೂಪಕ್ಕೆ ಏಳನೇ ಪೀಳಿಗೆಯವರೆಗೆ ಕಾಯಬೇಕಾಯಿತು. 2018ರ ಎವಿ1 ಅನ್ನು ಬಲ್ಲ ಮಂಡಲ ಇಂಟೆಲ್‌ನ ಹನ್ನೊಂದನೇ ಪೀಳಿಗೆಯಲ್ಲಿ, ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಸರಣಿಯಲ್ಲಿ ಬಂತು. ಆಪಲ್‌ನ ಮ್ಯಾಕ್ ಚಿಪ್‌ಗಳಲ್ಲಿ ಎಂ3 ಬರುವವರೆಗೆ ಅದು ಇರಲಿಲ್ಲ. ಭಾವನದು ನಾಲ್ಕನೇ ಪೀಳಿಗೆಯ ಇಂಟೆಲ್ ಲ್ಯಾಪ್‌ಟಾಪ್, ಕಡತ 10 ಬಿಟ್ ಎಚ್‌ಇವಿಸಿ. ಗ್ರೈಂಡರಿಗೆ ಗೊತ್ತಿಲ್ಲದ ಧಾನ್ಯ. ಎರಡು ಕೋರ್‌ಗಳ ಒರಳು 4ಕೆ ಅಕ್ಷತೆಯನ್ನು ರುಬ್ಬಬೇಕಾಗಿತ್ತು. ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ನೂರಕ್ಕೆ ನೂರು ದುಡಿಯುತ್ತಿತ್ತು. ಗ್ರಾಫಿಕ್ಸ್‌ನ ವಿಡಿಯೊ ಡಿಕೋಡ್ ಎಂಬ ಕಡೆ ಗೆರೆ ನೆಲಕ್ಕಂಟಿಕೊಂಡು ಮಲಗಿತ್ತು.

"ಎಂಪಿ4 ಕಡತ ತಾನೇ? ನನ್ನ ಹತ್ತಿರ ಬೇರೆ ಎಂಪಿ4ಗಳು ಚೆನ್ನಾಗಿ ಓಡುತ್ತವಲ್ಲ" ಎಂದರು ಭಾವ. ಎಂಪಿ4, ಎಂಕೆವಿ, ಎವಿಐ ಇವೆಲ್ಲ ಡಬ್ಬಿಯ ಹೆಸರುಗಳು, ಒಳಗಿನ ಪದಾರ್ಥದವಲ್ಲ. ನಮ್ಮ ಅಡುಗೆಮನೆಗಳಲ್ಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಸಾಸಿವೆ, ಕಾಫಿ ಪುಡಿಯ ಡಬ್ಬಿಯಲ್ಲಿ ಮೆಂತ್ಯ ಇರುವುದಿಲ್ಲವೇ? ಹಾಗೆಯೇ. ಒಳಗೆ ಏನಿದೆ ಎಂದು ತಿಳಿಯಲು ವಿಎಲ್‌ಸಿ ಎಂಬ ಪ್ಲೇಯರಿನಲ್ಲಿ ಕಂಟ್ರೋಲ್ ಕೀಲಿ ಹಿಡಿದು ಜೆ ಒತ್ತಿದರೆ ಸಾಕು, ಕೋಡೆಕ್‌ನ ಹೆಸರು, ಚಿತ್ರದ ಅಳತೆ, ಸೆಕೆಂಡಿಗೆ ಎಷ್ಟು ಫ್ರೇಮ್ ಎಂಬುದೆಲ್ಲ ಕಾಣುತ್ತದೆ.

ಈಗ ಪ್ಲೇಯರ್‌ಗಳ ವಿಷಯಕ್ಕೆ ಬರೋಣ. ಹೊರಗಿನಿಂದ ನೋಡಿದರೆ ಒಂದೊಂದೂ ಬೇರೆ ಬೇರೆ. ಒಳಗೆ ಹೋದರೆ ಬಹುತೇಕ ಎಲ್ಲರ ಮನೆಯಲ್ಲೂ ಅಡುಗೆ ಭಟ್ಟರು ಒಬ್ಬರೇ. ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಶುರುಮಾಡಿದರು. ವಿಎಲ್‌ಸಿ, ಎಂಪಿವಿ, ಪಾಟ್‌ಪ್ಲೇಯರ್, ಎಂಪಿಸಿ-ಎಚ್‌ಸಿ ಎಲ್ಲವೂ ಬಿಡಿಸುವ ಕೆಲಸಕ್ಕೆ ಬಹುಮಟ್ಟಿಗೆ ಅದನ್ನೇ ನೆಚ್ಚಿಕೊಂಡಿವೆ. ಭಾವನ ನಾಲ್ಕೂ ಪ್ಲೇಯರ್‌ಗಳು ಒಂದೇ ಕಡೆ ಮುಗ್ಗರಿಸಿದ್ದು ಅದಕ್ಕೇ. ಪ್ಲೇಯರ್‌ಗಳ ನಡುವಿನ ವ್ಯತ್ಯಾಸ ಇರುವುದು ಬಡಿಸುವುದರಲ್ಲಿ: ಗ್ರೈಂಡರ್ ಇದ್ದರೆ ಅದನ್ನು ತಾನಾಗಿ ಬಳಸುತ್ತದೆಯೇ, ಚಿತ್ರವನ್ನು ಪರದೆಯ ಅಳತೆಗೆ ಹೇಗೆ ಹಿಗ್ಗಿಸುತ್ತದೆ, ಪರದೆಯ ತಾಳಕ್ಕೆ ಹೇಗೆ ಹೊಂದಿಸುತ್ತದೆ, ಅಡಿಬರಹವನ್ನು ಹೇಗೆ ತೋರಿಸುತ್ತದೆ.

ವಿಎಲ್‌ಸಿ 1996ರಲ್ಲಿ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳ ಕೈಯಲ್ಲಿ ಹುಟ್ಟಿದ್ದು; 2001ರಲ್ಲಿ ಮುಕ್ತವಾಯಿತು. ಅದರ ಕಿತ್ತಳೆ ಬಣ್ಣದ ಶಂಕು, ಆ ಹುಡುಗರು ರಸ್ತೆಯಿಂದ ಎತ್ತಿಕೊಂಡು ಬಂದು ಗುಡ್ಡೆ ಹಾಕಿದ್ದ ಸಂಚಾರ ಶಂಕುಗಳ ನೆನಪು. ಒಂದು ಕಾಲದಲ್ಲಿ ವಿಂಡೋಸ್ ಬಳಸುವವರೆಲ್ಲ ಯಾವುದೋ ಜಾಲತಾಣದಿಂದ ಕೋಡೆಕ್ ಕಟ್ಟುಗಳನ್ನು ಇಳಿಸಿಕೊಂಡು, ಒಂದು ಇನ್ನೊಂದರ ಜೊತೆ ಜಗಳವಾಡಿ, ಕಡೆಗೆ ಕಂಪ್ಯೂಟರನ್ನೇ ಫಾರ್ಮ್ಯಾಟ್ ಮಾಡಬೇಕಾಗುತ್ತಿತ್ತು. ಎಲ್ಲ ಕೋಡೆಕ್‌ಗಳನ್ನೂ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದ ವಿಎಲ್‌ಸಿ ಆ ಗೋಳನ್ನು ತಪ್ಪಿಸಿತು. 2018ರ ಫೆಬ್ರುವರಿಯಲ್ಲಿ ಬಂದ 3.0 ಆವೃತ್ತಿಯಿಂದ ಗ್ರಾಫಿಕ್ಸ್ ಚಿಪ್ಪಿನ ಮಂಡಲವನ್ನು ತಾನಾಗಿಯೇ ಬಳಸುತ್ತದೆ. ಇಂದಿಗೂ 2.2 ಆವೃತ್ತಿಯನ್ನೇ ಇಟ್ಟುಕೊಂಡು ವಿಎಲ್‌ಸಿ ನಿಧಾನ ಎನ್ನುವವರನ್ನು ಕಂಡಿದ್ದೇನೆ. ಎಲ್ಲರಿಗೂ ಮೊದಲು ಹೇಳಬೇಕಾದ ಪ್ಲೇಯರ್ ಇದೇ, ಅನುಮಾನವಿಲ್ಲ. ನನಗೆ ಹಿಡಿಸದ ಒಂದೇ ಸಂಗತಿಯೆಂದರೆ, ದೊಡ್ಡ ಕಡತದಲ್ಲಿ ಹಿಂದೆ ಮುಂದೆ ಓಡಾಡಿಸಿದರೆ ಚಿತ್ರ ಒಂದು ಕ್ಷಣ ಚೌಕ ಚೌಕವಾಗಿ ಒಡೆಯುವುದು.

ಹಳೆಯ ವಿಂಡೋಸ್ ಯಂತ್ರಕ್ಕಾದರೆ ನನ್ನ ಮತ ಎಂಪಿಸಿ-ಎಚ್‌ಸಿಗೆ. ನೋಡಲು ಇಪ್ಪತ್ತು ವರ್ಷ ಹಿಂದಿನದರಂತಿದೆ, ಆದರೆ ಹಗುರ. ಮೂಲ ತಂಡ 2017ರಲ್ಲಿ ಕೆಲಸ ನಿಲ್ಲಿಸಿತು; ಬೇರೊಬ್ಬರು ಅದನ್ನು ಎತ್ತಿಕೊಂಡು ಮುಂದುವರಿಸಿದ್ದಾರೆ. ಹಳೆಯ ತಂಡದ ತಾಣದಲ್ಲಿರುವುದು ಕೊನೆಯ ಆವೃತ್ತಿಯಲ್ಲ ಎಂಬುದು ನೆನಪಿರಲಿ. ಕೊರಿಯಾದ ಪಾಟ್‌ಪ್ಲೇಯರ್ ವೇಗದ್ದೇ, ಆದರೆ ಅದರ ಆಯ್ಕೆಗಳ ಪಟ್ಟಿ ಮಲೆನಾಡಿನ ಕಾಡಿದ್ದ ಹಾಗೆ, ಒಳಗೆ ಹೋದವರು ಸಂಜೆಯೊಳಗೆ ಮರಳುವ ಭರವಸೆಯಿಲ್ಲ. ಎಂಪಿವಿಯಲ್ಲಿ ಇದಕ್ಕೆ ತದ್ವಿರುದ್ಧ: ಮೆನುವಿನ ಗೊಡವೆ ಕಡಿಮೆ, ಎಲ್ಲವೂ ಕೀಲಿಮಣೆಯಲ್ಲಿ. ಚಿತ್ರದ ಗುಣಮಟ್ಟದಲ್ಲಿ ನಾನು ಇದಕ್ಕಿಂತ ಮೇಲಿನದನ್ನು ಕಂಡಿಲ್ಲ. ಆದರೆ ಒಂದು ಸಂಗತಿ ಹೊಸಬರನ್ನು ಬೀಳಿಸುತ್ತದೆ. ಅದು ಹುಟ್ಟಾ ಒರಳನ್ನೇ ನಂಬುತ್ತದೆ. ಗ್ರೈಂಡರ್ ಬಳಸು ಎಂದು ನಾವೇ ಹೇಳಬೇಕು. ವಿಡಿಯೊ ಓಡುತ್ತಿರುವಾಗ ಕಂಟ್ರೋಲ್ ಜೊತೆ ಎಚ್ ಒತ್ತಿದರೆ ಬದಲಾಗುತ್ತದೆ. ಐ ಅಕ್ಷರ ಒತ್ತಿದರೆ ಯಾರು ಬಿಡಿಸುತ್ತಿದ್ದಾರೆ, ಎಷ್ಟು ಫ್ರೇಮ್ ಬಿದ್ದುಹೋದವು ಎಂಬ ಲೆಕ್ಕ ಪರದೆಯ ಮೇಲೆಯೇ ಬರುತ್ತದೆ. ಮ್ಯಾಕ್‌ನಲ್ಲಿ ಐನಾ, ಲಿನಕ್ಸ್‌ನಲ್ಲಿ ಸೆಲ್ಯುಲಾಯ್ಡ್ ಎಂಬ ಪ್ಲೇಯರ್‌ಗಳು ಇದೇ ಎಂಪಿವಿಗೆ ಚಂದದ ಅಂಗಿ ತೊಡಿಸಿದಂಥವು.

ವಿಂಡೋಸ್ ಜೊತೆಗೇ ಬರುವ ಪ್ಲೇಯರನ್ನು ಹೀಗಳೆಯಬೇಕಿಲ್ಲ. ಬ್ಯಾಟರಿಯ ಮೇಲೆ ಸಿನಿಮಾ ನೋಡುವವರಿಗೆ ಅದು ಹಿತವಾಗಿಯೇ ಇರುತ್ತದೆ. ಎಚ್‌ಇವಿಸಿ ಕಡತಗಳಿಗೆ ಮೈಕ್ರೋಸಾಫ್ಟ್ ಅಂಗಡಿಯಿಂದ ಪ್ರತ್ಯೇಕ ವಿಸ್ತರಣೆಯೊಂದನ್ನು ಕೊಳ್ಳಬೇಕಾಗಬಹುದು ಅಷ್ಟೆ. ಮ್ಯಾಕ್‌ನ ಕ್ವಿಕ್‌ಟೈಮ್ ಎಚ್‌ಇವಿಸಿಯನ್ನು ಸೊಗಸಾಗಿ ಓಡಿಸುತ್ತದೆ, ಎಂಕೆವಿ ಡಬ್ಬಿಯನ್ನು ಮಾತ್ರ ತೆರೆಯುವುದೇ ಇಲ್ಲ.

ಪ್ಲೇಯರ್ ಬದಲಿಸುವ ಮೊದಲು ನೋಡಬೇಕಾದ ಇನ್ನೊಂದು ಜಾಗವಿದೆ. ನನ್ನದೇ ಕಂಪ್ಯೂಟರನ್ನು ಒಮ್ಮೆ ರಿಪೇರಿ ಅಂಗಡಿಯೊಂದಕ್ಕೆ ಕೊಟ್ಟು ವಿಂಡೋಸ್ ಹೊಸದಾಗಿ ಹಾಕಿಸಿದ್ದೆ. ಮನೆಗೆ ತಂದ ಮೇಲೆ ಸಾಧಾರಣ ಎಚ್.264 ಕಡತ ಕೂಡ ಏದುಸಿರು ಬಿಡತೊಡಗಿತು. ಎರಡು ದಿನ ತಲೆ ಕೆರೆದುಕೊಂಡೆ. ಡಿವೈಸ್ ಮ್ಯಾನೇಜರ್‌ನಲ್ಲಿ ಗ್ರಾಫಿಕ್ಸ್ ಚಿಪ್ಪಿನ ಹೆಸರಿರಬೇಕಾದ ಕಡೆ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿತ್ತು. ಚಿಪ್ಪಿನ ಚಾಲಕ ತಂತ್ರಾಂಶವನ್ನೇ ಹಾಕಿರಲಿಲ್ಲ. ಗ್ರೈಂಡರ್ ಇದೆ, ಪ್ಲಗ್ ಚುಚ್ಚಿಲ್ಲ. ಚಿಪ್ ತಯಾರಕರ ತಾಣದಿಂದ ಡ್ರೈವರ್ ತಂದು ಹಾಕಿದ ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು. ಪೆನ್‌ಡ್ರೈವ್ ನಿಧಾನ ಎಂಬ ಅನುಮಾನ ಮಾತ್ರ ಸಾಮಾನ್ಯವಾಗಿ ಹುಸಿ. ಭಾವನ ಕಡತಕ್ಕೆ ಸೆಕೆಂಡಿಗೆ ಆರೇಳು ಎಂಬಿ ಸಿಕ್ಕಿದರೆ ಸಾಕಿತ್ತು. ಹಳೆಯ ಯುಎಸ್‌ಬಿ 2.0 ಕೂಡ ಅದರ ಮೂರ್ನಾಲ್ಕು ಪಟ್ಟು ಕೊಡಬಲ್ಲದು.

ಭಾವನ ಯಂತ್ರಕ್ಕೆ ಇದ್ದ ದಾರಿ ಒಂದೇ: ಕಡತವನ್ನೇ ಅದಕ್ಕೆ ಗೊತ್ತಿರುವ ಭಾಷೆಗೆ ತರುವುದು. ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ 1080ರ ಎಚ್.264 ಆಯ್ಕೆ ಮಾಡಿ ರಾತ್ರಿಯಿಡೀ ಬಿಟ್ಟೆವು. ಲ್ಯಾಪ್‌ಟಾಪಿನ ಪರದೆಯೇ 1366 ಚುಕ್ಕೆಗಳಷ್ಟು ಅಗಲದ್ದಾಗಿರುವಾಗ 4ಕೆ ಇದ್ದು ಪ್ರಯೋಜನವೇನು? ಮೂಲ ಕಡತವನ್ನು ಅಳಿಸದೆ ಬೇರೆ ಡಿಸ್ಕಿನಲ್ಲಿ ಇಟ್ಟೆವು, ಮುಂದೆ ದೊಡ್ಡ ಟಿವಿ ಬಂದಾಗ ಬೇಕಾಗುತ್ತದೆ. ಬೆಳಿಗ್ಗೆ ಅಕ್ಷತೆ ಬಿದ್ದಾಗ ಫ್ಯಾನ್ ಕೂಡ ಸದ್ದು ಮಾಡಲಿಲ್ಲ.

ಒಂದು ತೊಂದರೆ ಆಮೇಲೂ ಉಳಿದಿತ್ತು. ಕ್ಯಾಮೆರಾ ಊಟದ ಪಂಕ್ತಿಯ ಉದ್ದಕ್ಕೂ ನಿಧಾನವಾಗಿ ಸರಿಯುವಾಗ ಚಿತ್ರ ತುಸು ತುಸುವೇ ಜಗ್ಗುತ್ತಿತ್ತು. ಒಂದು ಫ್ರೇಮೂ ಬಿದ್ದಿರಲಿಲ್ಲ. ಇದು ತಾಳದ ತಪ್ಪು. ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ವಿಡಿಯೊದಲ್ಲಿ ಇರುವುದು 25 ಚಿತ್ರ. ಒಂದೊಂದು ಚಿತ್ರಕ್ಕೆ 2.4 ಸಲದ ಪಾಲು ಬರಬೇಕು, ಆದರೆ ಪರದೆ ಅರ್ಧಂಬರ್ಧ ಹೊಸದಾಗಲಾರದು. ಹಾಗಾಗಿ ಒಂದು ಚಿತ್ರ ಎರಡು ಸಲ, ಇನ್ನೊಂದು ಮೂರು ಸಲ ನಿಲ್ಲುತ್ತದೆ. ಆ ಏರುಪೇರನ್ನೇ ಕಣ್ಣು ಜಗ್ಗಾಟವೆಂದು ಹಿಡಿಯುವುದು. ಸೆಕೆಂಡಿಗೆ 24 ಚಿತ್ರಗಳ ಸಿನಿಮಾಗೂ 60ರ ಪರದೆಯಲ್ಲಿ ಇದೇ ಪಾಡು. ಪರದೆಯನ್ನು ಚಿತ್ರದ ಗುಣಕಕ್ಕೆ ಹೊಂದಿಸುವುದೇ ಮದ್ದು: 25ಕ್ಕೆ 50 ಅಥವಾ 75, 24ಕ್ಕೆ 72, 120 ಅಥವಾ 144. ಹಲವು ಮಾನಿಟರ್‌ಗಳಲ್ಲಿ 75 ಇರುತ್ತದೆ. ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿದರೆ ವಿಂಡೋಸ್‌ನ ಪರದೆಯ ಸೆಟ್ಟಿಂಗ್‌ನಲ್ಲಿ 50 ಸಾಮಾನ್ಯವಾಗಿ ಸಿಗುತ್ತದೆ. ಬರೀ ಪ್ಲೇಯರ್ ಬದಲಿಸಿ ಇದನ್ನು ಹೋಗಲಾಡಿಸಲು ಹೊರಟವರು ವರ್ಷಗಟ್ಟಲೆ ಅಲೆದದ್ದಿದೆ.

ಕನ್ನಡ ಅಡಿಬರಹ ಹಾಕಿಕೊಳ್ಳುವವರಿಗೆ ಒಂದು ಮಾತು. ಒತ್ತಕ್ಷರಗಳು ಬಿಡಿಬಿಡಿಯಾಗಿ ಬಿದ್ದರೆ ಪ್ಲೇಯರ್ ಹಳೆಯದು ಎಂದರ್ಥ; ಎಂಪಿವಿಯಲ್ಲೂ ಈಗಿನ ವಿಎಲ್‌ಸಿಯಲ್ಲೂ ಅಕ್ಷರಗಳನ್ನು ಕೂಡಿಸುವ ವ್ಯವಸ್ಥೆ ಒಳಗೇ ಇದೆ. ಅಕ್ಷರದ ಬದಲು ಚೌಕಗಳು ಬಂದರೆ ಫಾಂಟ್ ತಪ್ಪು, ನಿರ್ಮಲಾ ಅಥವಾ ನೋಟೊ ಸಾನ್ಸ್ ಕನ್ನಡಕ್ಕೆ ಬದಲಿಸಿ. ಅರ್ಥವಿಲ್ಲದ ಲ್ಯಾಟಿನ್ ಚಿಹ್ನೆಗಳು ಬಂದರೆ ಅಡಿಬರಹದ ಕಡತವನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಉಳಿಸಿ.

ಇಳಿಸಿಕೊಳ್ಳುವಾಗಲೂ ಎಚ್ಚರ ಬೇಕು. 2022ರಲ್ಲಿ ವಿಎಲ್‌ಸಿಯ ಅಧಿಕೃತ ತಾಣವೇ ಭಾರತದಲ್ಲಿ ತಿಂಗಳುಗಟ್ಟಲೆ ತೆರೆಯುತ್ತಿರಲಿಲ್ಲ. ಸರ್ಕಾರ ತಡೆ ತೆಗೆದದ್ದು ನವೆಂಬರ್‌ನಲ್ಲಿ. ಅಂಥ ಹೊತ್ತಿನಲ್ಲಿ ಸಿಕ್ಕ ಸಿಕ್ಕ ತಾಣಗಳಿಂದ ಇಳಿಸಿಕೊಂಡರೆ ಪ್ಲೇಯರಿನ ಜೊತೆ ಕರೆಯದ ನೆಂಟರೂ ಬಂದು ಕೂರುತ್ತಾರೆ. ಭಾವನ ನಾಲ್ಕರಲ್ಲಿ ಒಂದು ಹಾಗೆ ಬಂದದ್ದು. ಬ್ರೌಸರಿನ ಮೊದಲ ಪುಟವನ್ನೇ ಬದಲಿಸಿತ್ತು. ಅದನ್ನು ಮೊದಲು ಕಿತ್ತುಹಾಕಿದೆವು.

ಹೊರಡುವ ಮುನ್ನ ಭಾವ ಇನ್ನೊಂದು ಕಡತ ತೆಗೆದರು. 1995ರ ಅವರದೇ ಮದುವೆ, ವಿಎಚ್‌ಎಸ್ ಕ್ಯಾಸೆಟ್ಟಿನಿಂದ ಯಾರೋ ಡಿಜಿಟಲ್‌ಗೆ ಇಳಿಸಿಕೊಟ್ಟದ್ದು. ಚಿಕ್ಕ ಕಡತ, ಓಡುವುದಕ್ಕೇನೂ ಕಷ್ಟವಿಲ್ಲ, ಆದರೆ ಅಕ್ಕ ತಲೆ ತಿರುಗಿಸಿದಾಗಲೆಲ್ಲ ಮುಖದ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳುತ್ತಿತ್ತು. ಹಳೆಯ ಟಿವಿ ಪದ್ಧತಿಯಲ್ಲಿ ಒಂದು ಚಿತ್ರವನ್ನು ಬೆಸ ಗೆರೆಗಳು ಒಮ್ಮೆ, ಸರಿ ಗೆರೆಗಳು ಇನ್ನೊಮ್ಮೆ ಎಂದು ಎರಡು ಕಂತಿನಲ್ಲಿ ಹಿಡಿಯುತ್ತಿದ್ದರು. ಎರಡರ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ ಕಳೆದಿರುತ್ತದೆ, ಅಷ್ಟರಲ್ಲಿ ತಲೆ ಸರಿದಿರುತ್ತದೆ. ಇದು ಹಾಗೆ ಹಿಡಿದದ್ದು ಎಂದು ಇಳಿಸಿದವರು ಕಡತದಲ್ಲಿ ಗುರುತು ಹಾಕಿರಲಿಲ್ಲ, ಆದ್ದರಿಂದ ಪ್ಲೇಯರಿಗೂ ಗೊತ್ತಾಗಿರಲಿಲ್ಲ.

"ವಿಎಲ್‌ಸಿಯಲ್ಲಿ ಡಿ ಒತ್ತಿ ನೋಡಿ, ಭಾವ" ಎಂದೆ. ಒತ್ತಿದರು. ಬಾಚಣಿಗೆಯ ಹಲ್ಲುಗಳು ಕೂಡಿಕೊಂಡು, ಅಕ್ಕನ ಧಾರೆ ಸೀರೆಯ ಅಂಚು ಒಂದೇ ಗೆರೆಯಾಗಿ ನಿಂತಿತು.